‘ಮುಗಿಸಿ’ ಎಂದರೆ ಯಾವುದನ್ನು? ಸ್ವಯಂಸೇವಕರ ನಕ್ಷೆ ಕೆಲಸದಲ್ಲಿ ಬಟನ್ ಪದಗಳ ಒಂದು ಪ್ರಕರಣ

ನಮ್ಮ ಕಡೆಯ ಊರುಗಳನ್ನು ಚೌಕಗಳಾಗಿ ಹಂಚಿಕೊಂಡು, ಉಪಗ್ರಹ ಚಿತ್ರ ನೋಡಿ ಸ್ವಯಂಸೇವಕರು ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುತ್ತಾರೆ. ಅಘನಾಶಿನಿ ಅಳಿವೆಯ ಬದಿಯ ಅಂಥ ಒಂದು ಚೌಕವನ್ನು ತಾಳೆ ನೋಡಲೆಂದು ತೆರೆದಾಗ ಈ ಪ್ರಕರಣ ಮೊದಲ ಸಲ ಕಣ್ಣಿಗೆ ಬಿತ್ತು. ಉಪಗ್ರಹ ಚಿತ್ರದಲ್ಲಿ ಗಜನಿ ಗದ್ದೆಯ (ಉಪ್ಪುನೀರು ಏರುವ ತಗ್ಗಿನ ಗದ್ದೆಯ) ಒಡ್ಡಿನ ಉದ್ದಕ್ಕೂ ಹಂಚಿನ ಮನೆಗಳ ಒಂದು ಸಾಲು ಸ್ಪಷ್ಟವಾಗಿ ಕಾಣುತ್ತಿತ್ತು. ದಕ್ಷಿಣದ ತುದಿಯಿಂದ ಒಂಬತ್ತು ಮನೆಗಳಿಗೆ ಅಚ್ಚುಕಟ್ಟಾಗಿ ಗೆರೆ ಎಳೆಯಲಾಗಿತ್ತು. ಮೂಲೆಗಳು ನೆಟ್ಟಗಿದ್ದವು, ಮಾಡಿನ (ಚಾವಣಿಯ) ಅಂಚು ಎಲ್ಲಿಯೂ ತಪ್ಪಿರಲಿಲ್ಲ. ಹತ್ತನೆಯ ಮನೆಯಿಂದ ಆಚೆಗೆ ಏನೂ ಇರಲಿಲ್ಲ. ಹಾಗಿದ್ದೂ ಆ ಚೌಕ ‘ಪೂರ್ತಿಯಾಗಿದೆ’ ಎಂಬ ಬಣ್ಣದಲ್ಲಿತ್ತು, ಅಂದರೆ ಅದನ್ನು ಬಿಡಿಸಿದವರೇ ಇಲ್ಲಿ ಇನ್ನು ಕೆಲಸವಿಲ್ಲ ಎಂದು ಒಪ್ಪಿಸಿ ಹೋಗಿದ್ದರು. ಅದೇ ವಾರ ಇಂಥ ಅರೆಚೌಕಗಳು ಮತ್ತಷ್ಟು ಸಿಕ್ಕವು. ಎಲ್ಲದರಲ್ಲೂ ಮಾಡಿದಷ್ಟು ಕೆಲಸ ಚೆನ್ನಾಗಿತ್ತು, ಮಾಡದೆ ಬಿಟ್ಟದ್ದು ಮಾತ್ರ ಸೀಳಿದ ಹಾಗೆ ಒಂದೇ ಕಡೆ ನಿಂತಿತ್ತು.

ಈ ಬರಹ ಆ ಅರೆಚೌಕಗಳ ಕಾರಣವನ್ನು ಹುಡುಕಿದ ಬಗೆಯನ್ನೂ, ಕಾರಣ ಒಂದು ಬಟನ್ನಿನ ಮೇಲೆ ನಾವೇ ಬರೆದ ಪದ ಎಂದು ತಿಳಿದ ಮೇಲೆ ಪದಗಳನ್ನು ಹೇಗೆ ಬದಲಿಸಿದೆವು ಎಂಬುದನ್ನೂ ದಾಖಲಿಸುತ್ತದೆ. ‘ಬಟನ್’ ಎಂದೇ ಬರೆಯುತ್ತಿದ್ದೇನೆ. ‘ಗುಂಡಿ’ ಎಂಬ ಒಳ್ಳೆಯ ಪದವಿದೆ, ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಗುಂಡಿ ಎಂದರೆ ಹೊಳೆಯಲ್ಲಿ ಇರುವುದು, ಮಳೆಗಾಲದಲ್ಲಿ ರಸ್ತೆಯಲ್ಲೂ ಇರುವುದು. ನಕ್ಷೆ ಬಿಡಿಸುವವರಿಗೆ ‘ಗುಂಡಿ ಒತ್ತಿ’ ಎಂದರೆ ಗೊಂದಲವಾಗದೆ ಇರುವುದಿಲ್ಲ.

ಕೆಲಸದ ಹಿನ್ನೆಲೆ

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿದ್ದು ಮಣ್ಣು ಗಂಗಾವಳಿ ನದಿಯವರೆಗೆ ಹೋಯಿತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ಬೆಳಗಿನ ಜಾವ, ಕಾರವಾರವನ್ನೂ ಸದಾಶಿವಗಡವನ್ನೂ ಜೋಡಿಸುತ್ತಿದ್ದ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು. ಅದಕ್ಕೂ ಹಿಂದೆ, 2009ರ ಅಕ್ಟೋಬರ್‌ನಲ್ಲಿ ಕಾರವಾರದ ಹತ್ತಿರದ ಕಡವಾಡದಲ್ಲಿ ಆದ ಕುಸಿತವನ್ನು ಊರಿನ ಹಿರಿಯರು ಯಾರೂ ಮರೆತಿಲ್ಲ. ಹೆದ್ದಾರಿ ಬಂದಾದ ದಿನ ಒಂದು ಕೊಪ್ಪಕ್ಕೋ ಮಜರೆಗೋ ಬೇರೆ ಯಾವ ದಾರಿಯಿಂದ ಹೋಗಬಹುದು, ಯಾವ ಹಳ್ಳಕ್ಕೆ ಕಾಲುಸಂಕ (ನಡೆದು ದಾಟುವ ಕಿರುಸೇತುವೆ) ಇದೆ, ಯಾವ ಕಾಲುಸಂಕ ಮಳೆಗಾಲದಲ್ಲಿ ನೀರಿನಡಿ ಹೋಗುತ್ತದೆ ಎಂಬುದು ಊರಿನವರ ತಲೆಯಲ್ಲಿದೆ, ನಕ್ಷೆಯಲ್ಲಿಲ್ಲ. ಶಿರಸಿ ಮತ್ತು ಕಾರವಾರದ ಕೆಲವರು ಸೇರಿ ಇದನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಏರಿಸಲು ಕೂತದ್ದು ಈ ಕಾರಣಕ್ಕೆ.

ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾದದ್ದು. ಯಾರು ಬೇಕಾದರೂ ತಿದ್ದಬಹುದಾದ, ಯಾರು ಬೇಕಾದರೂ ಬಳಸಬಹುದಾದ ನಕ್ಷೆ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ದೂರದ ದೇಶಗಳಲ್ಲಿ ಕುಳಿತ ನೂರಾರು ಜನ ಉಪಗ್ರಹ ಚಿತ್ರ ನೋಡಿ ರಾಜಧಾನಿಯ ಬೀದಿಗಳನ್ನು ಬಿಡಿಸಿದರು. ಅಷ್ಟು ಜನ ಒಂದೇ ಜಾಗದ ಮೇಲೆ ಬಿದ್ದರೆ ಒಬ್ಬರು ಬಿಡಿಸಿದ ಮನೆಯ ಮೇಲೆ ಇನ್ನೊಬ್ಬರು ಮನೆ ಬಿಡಿಸುತ್ತಾರೆ ಎಂಬ ಅನುಭವದಿಂದಲೇ ಕೆಲಸ ಹಂಚುವ ತಂತ್ರಾಂಶ, ಅಂದರೆ ಟಾಸ್ಕಿಂಗ್ ಮ್ಯಾನೇಜರ್, ರೂಪುಗೊಂಡಿತು. ಅದರ ಒಳಗಿನ ಲೆಕ್ಕ ಸರಳ. ದೊಡ್ಡ ಪ್ರದೇಶವನ್ನು ಚೌಕಗಳಾಗಿ ತುಂಡರಿಸುತ್ತಾರೆ. ಒಬ್ಬರು ಒಂದು ಚೌಕ ತೆಗೆದುಕೊಂಡರೆ ಅದಕ್ಕೆ ಬೀಗ ಬೀಳುತ್ತದೆ, ಉಳಿದವರು ಅದನ್ನು ಮುಟ್ಟಲಾಗುವುದಿಲ್ಲ. ಎರಡು ಗಂಟೆಯೊಳಗೆ ಏನೂ ತಿಳಿಸದಿದ್ದರೆ ಬೀಗ ತಾನಾಗಿ ಬಿಚ್ಚಿಕೊಳ್ಳುತ್ತದೆ. ಪೂರ್ತಿಯಾಯಿತು ಎಂದು ಒಪ್ಪಿಸಿದ ಚೌಕವನ್ನು ಮತ್ತೊಬ್ಬ ಅನುಭವಿ ತೆರೆದು ತಾಳೆ ನೋಡುತ್ತಾರೆ. ಚಿತ್ರ ಬಿಡಿಸುವ ಕೆಲಸ ಮಾತ್ರ ಬೇರೆ ತಂತ್ರಾಂಶದಲ್ಲಿ ನಡೆಯುತ್ತದೆ: ಬ್ರೌಸರ್‌ನಲ್ಲಿ ತೆರೆಯುವ ಐಡಿ, ಇಲ್ಲವೇ ಕಂಪ್ಯೂಟರ್‌ನಲ್ಲಿ ಹಾಕಿಕೊಳ್ಳುವ ಜೋಸಮ್.

ಟಾಸ್ಕಿಂಗ್ ಮ್ಯಾನೇಜರ್‌ನ ಸಂಕೇತ (ಸೋರ್ಸ್ ಕೋಡ್) ಮುಕ್ತವಾಗಿರುವುದರಿಂದ ಅದೇ ಮಾದರಿಯ ಒಂದು ಪ್ರತಿಯನ್ನು ನಾವು ನಮ್ಮದೇ ಸರ್ವರ್‌ನಲ್ಲಿ ನಿಲ್ಲಿಸಿಕೊಂಡೆವು, ಪುಟವನ್ನು ನಮ್ಮ ಅನುಕೂಲಕ್ಕೆ ತಕ್ಕಂತೆ ಚಿಕ್ಕದು ಮಾಡಿಕೊಂಡೆವು, ಬಟನ್‌ಗಳಿಗೆ ನಾವೇ ಕನ್ನಡ ಬರೆದೆವು. ಮುಂದೆ ಹೇಳುವ ತಪ್ಪುಗಳೆಲ್ಲ ಈ ಕನ್ನಡದಿಂದ ಬಂದವು. ಅದನ್ನು ಬರೆದವರಲ್ಲಿ ನಾನೂ ಒಬ್ಬಳು, ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವಳು.

ತಪ್ಪು ತಿಳಿದುಕೊಂಡ ಮೊದಲ ತಿಂಗಳು

ಅರೆಚೌಕಗಳನ್ನು ನೋಡಿದಾಗ ನಮಗೆ ತೋಚಿದ ಕಾರಣ ಒಂದೇ, ಸೋಮಾರಿತನ. ವಾಟ್ಸ್ಆ್ಯಪ್ ಗುಂಪಿನಲ್ಲಿ ನಾನು ‘ಅರೆಬರೆ ಕೆಲಸವನ್ನು ಪೂರ್ತಿ ಎಂದು ಒಪ್ಪಿಸಬೇಡಿ’ ಎಂದು ಮೇಷ್ಟರಗಿತ್ತಿಯ ಧಾಟಿಯಲ್ಲೇ ಬರೆದೆ. ಮರುದಿನದಿಂದ ಮನೆಗಳ ಮೂಲೆಗಳು ಇನ್ನಷ್ಟು ನೆಟ್ಟಗಾದವು, ಬಿಡಿಸುವ ವೇಗ ಕಡಿಮೆಯಾಯಿತು, ಇಬ್ಬರು ಬರುವುದನ್ನೇ ಬಿಟ್ಟರು. ಅರೆಚೌಕಗಳು ಮಾತ್ರ ಬರುತ್ತಲೇ ಇದ್ದವು. ತಿದ್ದಿಕೊಳ್ಳುವ ಮನಸ್ಸಿದ್ದವರೂ ತಿದ್ದಿಕೊಳ್ಳಲಾಗದ ತಪ್ಪು ಎಂದರೆ ಅದು ತಪ್ಪೆಂದು ಅವರಿಗೆ ಗೊತ್ತೇ ಆಗದ ತಪ್ಪು ಎಂದು ಆಗಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಪ್ರತಿ ಚೌಕಕ್ಕೂ ಒಂದು ಚರಿತ್ರೆ ಇರುತ್ತದೆ: ಯಾರು ಯಾವಾಗ ತೆಗೆದುಕೊಂಡರು, ಯಾವಾಗ ಯಾವ ಬಟನ್ ಒತ್ತಿದರು. ಒಂದು ಸಂಜೆ ಅರೆಚೌಕಗಳ ಚರಿತ್ರೆಯನ್ನು ಒಂದೊಂದಾಗಿ ತೆರೆದು ಸಮಯವನ್ನಷ್ಟೇ ಒಂದು ಹಾಳೆಯಲ್ಲಿ ಬರೆದುಕೊಂಡೆ. ಮಧ್ಯಾಹ್ನ ಒಂದರ ಆಸುಪಾಸು ಒಂದಷ್ಟು, ಸಂಜೆ ಐದೂವರೆಯ ಆಸುಪಾಸು ಇನ್ನೊಂದಷ್ಟು, ಉಳಿದವು ಅಲ್ಲಲ್ಲಿ. ಐದೂವರೆ ಎಂದರೆ ಕಾರವಾರದ ನಮ್ಮ ಕೋಣೆಯಿಂದ ಎದ್ದು ಅಂಕೋಲಾ ಕಡೆಯ ಬಸ್ಸು ಹಿಡಿಯುವ ಹೊತ್ತು. ಒಂದು ಎಂದರೆ ಊಟ. ಸೋಮಾರಿಗೆ ಗಡಿಯಾರ ಇಷ್ಟು ನಿಖರವಾಗಿರುವುದಿಲ್ಲ.

ಒಡ್ಡಿನ ಮೇಲಿನ ಒಂಬತ್ತು ಮನೆ ಬಿಡಿಸಿದ ಹುಡುಗಿ ನಮ್ಮ ಶಾಲೆಯಲ್ಲೇ ಓದಿ ಈಗ ಕಾಲೇಜಿಗೆ ಹೋಗುತ್ತಿರುವವಳು. ಬೈಯುವುದಕ್ಕಲ್ಲ ಎಂದು ಮೊದಲೇ ಹೇಳಿ ಪಕ್ಕದಲ್ಲಿ ಕೂರಿಸಿಕೊಂಡು, ಆ ದಿನ ಏನು ಮಾಡಿದೆಯೋ ಅದನ್ನೇ ಇನ್ನೊಮ್ಮೆ ಮಾಡಿ ತೋರಿಸು ಎಂದೆ. ಚೌಕ ತೆರೆದಳು, ಎರಡು ಮನೆ ಬಿಡಿಸಿದಳು, ಏರಿಸಿದಳು. ‘ಈಗ ಬಸ್ಸಿನ ಹೊತ್ತಾಯಿತು ಅಂದುಕೋ’ ಎಂದೆ. ಅವಳ ಬೆರಳು ಅನುಮಾನವಿಲ್ಲದೆ ‘ಮುಗಿಸಿ’ ಎಂಬ ಬಟನ್ ಮೇಲೆ ಹೋಯಿತು.

‘ಮುಗಿಸಿ ಅಂದರೆ ಇವತ್ತಿಗೆ ಮುಗಿಸಿ ಅಂತಲ್ಲವಾ ಅಕ್ಕೋರೇ?’

ಪಕ್ಕದಲ್ಲೇ ‘ನಿಲ್ಲಿಸಿ’ ಎಂಬ ಇನ್ನೊಂದು ಬಟನ್ ಇತ್ತು. ಚೌಕ ಅರ್ಧವಾಗಿದೆ, ಬೇರೆಯವರಿಗೆ ಬಿಡುತ್ತೇನೆ ಎಂದು ಹೇಳಬೇಕಾದವರು ಒತ್ತಬೇಕಾದದ್ದು ಅದನ್ನು. ಅದನ್ನೇಕೆ ಒತ್ತಲಿಲ್ಲ ಎಂದು ಕೇಳಿದರೆ, ಒತ್ತಿದರೆ ಎಲ್ಲವೂ ನಿಂತುಹೋಗುತ್ತದೆ, ಬಿಡಿಸಿದ ಮನೆಗಳೂ ಹೋಗುತ್ತವೆ ಎಂದು ಹೆದರಿಕೆ ಎಂದಳು. ನಮ್ಮ ಕಡೆ ‘ನಿಲ್ಲಿಸಿ’ ಎನ್ನುವುದು ಬಸ್ಸಿಗೆ, ಪಂಪ್‌ಸೆಟ್ಟಿಗೆ, ಜಗಳಕ್ಕೆ. ಯಾವುದಾದರೂ ಕೆಟ್ಟದ್ದು ಆಗುತ್ತಿರುವಾಗ ಹೇಳುವ ಮಾತು ಅದು. ಒಳ್ಳೆಯ ಕೆಲಸವನ್ನು ನಾಳೆಗೆ ಇಟ್ಟುಕೊಳ್ಳುವವರು ಅದನ್ನು ಒತ್ತುವುದಿಲ್ಲ.

ಪದದ ಒಳಗೆ ಏನಾಗಿತ್ತು

ಕನ್ನಡದಲ್ಲಿ ಕರ್ಮಪದವನ್ನು ಹೇಳದೆ ಬಿಡುವುದು ತೀರಾ ಸಹಜ. ‘ಊಟ ಆಯಿತಾ?’ ಎಂದವರಿಗೆ ‘ಆಯಿತು’ ಎಂದರೆ ಸಾಕು. ಎದುರಿಗಿದ್ದವರು ಏನು ಕೇಳಿದರೆಂಬುದು ಇಬ್ಬರಿಗೂ ಗೊತ್ತಿರುವುದರಿಂದ ಮಾತು ಮೊಟಕಾದರೂ ಅರ್ಥ ಮೊಟಕಾಗುವುದಿಲ್ಲ. ಬಟನ್ನಿನ ಎದುರಿಗೆ ಇರುವುದು ಒಬ್ಬರೇ. ಬಿಟ್ಟುಹೋದ ಕರ್ಮಪದವನ್ನು ಓದುವವರು ತಮ್ಮ ಮನಸ್ಸಿನಲ್ಲಿ ಆಗ ಇರುವುದರಿಂದ ತುಂಬಿಕೊಳ್ಳುತ್ತಾರೆ: ಬಸ್ಸಿನ ಚಿಂತೆಯಲ್ಲಿರುವವರಿಗೆ ದಿನದ ಕೆಲಸ, ಹಸಿದವರಿಗೆ ಬೆಳಗಿನ ಪಾಳಿ, ಬರೆದ ನಮಗೆ ಮಾತ್ರ ಚೌಕ. ನಾವು ಮೂರಕ್ಷರದ ಪದ ಸಿಕ್ಕಿತೆಂದು ಸಂತೋಷಪಟ್ಟಿದ್ದೆವು. ಮೊಬೈಲಿನಲ್ಲಿ ಒಂದೇ ಸಾಲಿಗೆ ಹಿಡಿಸುತ್ತದಲ್ಲ ಎಂಬುದು ನಮ್ಮ ಲೆಕ್ಕ.

ಇದರಿಂದ ನಾವು ಮಾಡಿಕೊಂಡ ನಿಯಮ ಒಂದೇ. ಹಲವರು ಕೂಡಿ ಮಾಡುವ ಕೆಲಸದಲ್ಲಿ ಬಟನ್ ಹೇಳಬೇಕಾದದ್ದು ಒತ್ತುವವರು ಏನು ಮಾಡುತ್ತಿದ್ದಾರೆ ಎಂಬುದನ್ನಲ್ಲ. ಒತ್ತಿದ ಮೇಲೆ ಚೌಕ ಯಾರ ಕೈಗೆ ಹೋಗುತ್ತದೆ ಎಂಬುದನ್ನು. ಒಬ್ಬರೇ ಬರೆಯುವ ಕಡತಕ್ಕೆ ‘ಮುಗಿಸಿ’ ಎಂದರೆ ನಷ್ಟವಿಲ್ಲ, ತಪ್ಪಾದರೆ ಅವರೇ ಮತ್ತೆ ತೆರೆಯುತ್ತಾರೆ. ಇಲ್ಲಿ ಒಬ್ಬರ ತಪ್ಪು ಒತ್ತಿನಿಂದ ಹತ್ತನೆಯ ಮನೆ ಎಲ್ಲರ ಪಟ್ಟಿಯಿಂದ ಮಾಯವಾಗುತ್ತದೆ, ಏಕೆಂದರೆ ಪೂರ್ತಿಯಾದ ಚೌಕವನ್ನು ಬಿಡಿಸುವವರು ಯಾರೂ ಮತ್ತೆ ತೆರೆಯುವುದಿಲ್ಲ.

ಉಳಿದ ಬಟನ್‌ಗಳನ್ನೂ ಇದೇ ಕಣ್ಣಿನಿಂದ ನೋಡಿದಾಗ ನಮ್ಮ ಅನುವಾದದ ಹುಳುಕು ಒಂದೊಂದಾಗಿ ಹೊರಬಂತು. ಚೌಕಕ್ಕೆ ಇಂಗ್ಲಿಷಿನಲ್ಲಿರುವ ‘ಟಾಸ್ಕ್’ ಎಂಬುದನ್ನು ನಾವು ‘ಕಾರ್ಯ’ ಎಂದು ಮಾಡಿದ್ದೆವು. ಶಿರಸಿ ಸೀಮೆಯಲ್ಲಿ ಮನೆಯಲ್ಲಿ ಕಾರ್ಯ ಇದೆ ಎಂದರೆ ಉಪನಯನವೋ ಮದುವೆಯೋ ಹನ್ನೆರಡನೆಯ ದಿನವೋ ಇದೆ ಎಂದು. ‘ಮ್ಯಾಪ್’ ಎಂಬ ಪದ ಇಂಗ್ಲಿಷಿನಲ್ಲಿ ವಸ್ತುವೂ ಹೌದು, ಕ್ರಿಯೆಯೂ ಹೌದು. ಅನುವಾದದ ಕಡತದಲ್ಲಿ ಪದ ಬರುವುದು ಬರಿಯ ಪಟ್ಟಿಯಾಗಿ, ಅದು ಪುಟದ ಯಾವ ಮೂಲೆಯಲ್ಲಿ ಕೂರುತ್ತದೆ ಎಂಬುದು ಕಾಣುವುದಿಲ್ಲ. ನಾವು ಕಣ್ಣು ಮುಚ್ಚಿ ‘ನಕ್ಷೆ’ ಎಂದು ಬರೆದುಬಿಟ್ಟಿದ್ದೆವು. ಅದು ಕೂತದ್ದು ಚೌಕವನ್ನು ತೆಗೆದುಕೊಂಡು ಕೆಲಸ ಶುರು ಮಾಡುವ ಬಟನ್ನಿನ ಮೇಲೆ. ನಕ್ಷೆ ಹೇಗಿದೆ ನೋಡೋಣ ಎಂದು ಒತ್ತಿದ ಪ್ರತಿಯೊಬ್ಬರೂ ಒಂದು ಚೌಕಕ್ಕೆ ಬೀಗ ಹಾಕಿ, ತಮಗೆ ಬೀಗದ ವಿಷಯವೇ ತಿಳಿಯದೆ ಪುಟ ಮುಚ್ಚಿ ಹೋಗುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ ಬಂದವರಿಗೆ ‘ಎಲ್ಲ ಚೌಕಗಳೂ ಬೇರೆಯವರ ಕೈಯಲ್ಲಿವೆ’ ಎಂದು ತೋರಿಸುತ್ತಿದ್ದುದರ ಗುಟ್ಟು ಇದು.

‘ಉಳಿಸಿ’ ಎಂಬುದರ ಕಥೆ ಇನ್ನೂ ಸ್ವಾರಸ್ಯದ್ದು. ಐಡಿಯಲ್ಲಿ ‘ಸೇವ್’ ಒತ್ತಿದರೆ ಒಂದು ಟಿಪ್ಪಣಿ ಬರೆಯುವ ಜಾಗ ತೆರೆದು, ಅಲ್ಲಿಂದ ತಿದ್ದುಪಡಿ ನೇರವಾಗಿ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹೋಗುತ್ತದೆ. ಜೋಸಮ್‌ನಲ್ಲಿ ‘ಸೇವ್’ ಎಂದರೆ ನಿಮ್ಮದೇ ಕಂಪ್ಯೂಟರಿನಲ್ಲಿ ಒಂದು ಕಡತವಾಗಿ ಕೂರುವುದು. ನಕ್ಷೆಗೆ ಕಳಿಸಲು ‘ಅಪ್‌ಲೋಡ್’ ಎಂಬ ಬೇರೆ ಬಟನ್. ಈ ಎರಡೂ ‘ಸೇವ್’ಗಳನ್ನು ನಮ್ಮ ಕೈಪಿಡಿಯಲ್ಲಿ ‘ಉಳಿಸಿ’ ಎಂದು ಬರೆದ ಫಲವಾಗಿ ಜೋಸಮ್ ಬಳಸುತ್ತಿದ್ದ ಒಬ್ಬ ಯುವಕ ವಾರವಿಡೀ ಉಳಿಸಿದ, ಚೌಕಗಳನ್ನು ಪೂರ್ತಿ ಎಂದು ಒಪ್ಪಿಸಿದ, ನಕ್ಷೆಯಲ್ಲಿ ಒಂದು ಗೆರೆಯೂ ಇರಲಿಲ್ಲ. ಎಲ್ಲವೂ ಅವನ ಲ್ಯಾಪ್‌ಟಾಪಿನಲ್ಲಿ ಸುಖವಾಗಿತ್ತು. ಸಾಲದ್ದಕ್ಕೆ, ನಮ್ಮ ಗುಂಪಿನಲ್ಲಿದ್ದ ನಿವೃತ್ತ ಮಾಸ್ತರೊಬ್ಬರು ಕನ್ನಡದಲ್ಲಿ ಉಳಿಸು ಎಂದರೆ ಬಾಕಿ ಬಿಡು ಎಂದೂ ಆಗುತ್ತದೆಂದು ನೆನಪಿಸಿದರು: ಎಲೆಯಲ್ಲಿ ಅನ್ನ ಉಳಿಸಬೇಡ ಎನ್ನುತ್ತೇವಲ್ಲ, ಹಾಗೆ. ಈಗ ಕೈಪಿಡಿಯಲ್ಲಿ ಮೊದಲನೆಯದನ್ನು ‘ನಕ್ಷೆಗೆ ಏರಿಸಿ’ ಎಂದೂ ಎರಡನೆಯದನ್ನು ‘ನಿಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ’ ಎಂದೂ ಬರೆದಿದ್ದೇವೆ. ಆ ಎರಡು ತಂತ್ರಾಂಶಗಳ ಒಳಗಿನ ಪದಗಳು ನಮ್ಮ ಕೈಯಲ್ಲಿಲ್ಲ. ಆದ್ದರಿಂದ ಬಟನ್ನಿನ ಚಿತ್ರವನ್ನು ಪಕ್ಕದಲ್ಲೇ ಅಂಟಿಸಿದ್ದೇವೆ.

ಚೀಟಿಗಳ ಪರೀಕ್ಷೆ

ಹೊಸ ಪದಗಳನ್ನು ಪುಟಕ್ಕೆ ಹಾಕುವ ಮೊದಲು ಕಾಗದದ ಮೇಲೆ ನೋಡಿದೆವು. ಪುಟದ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ಬಟನ್ ಇರುವ ಜಾಗದಲ್ಲಿ ಒಂದೊಂದು ಚೀಟಿ ಇಟ್ಟು, ಜನರನ್ನು ಒಬ್ಬೊಬ್ಬರಾಗಿ ಕೇಳಿದೆವು. ಮೊದಲ ದಿನ ‘ಅರ್ಥವಾಯಿತೇ?’ ಎಂದು ಕೇಳಿದ್ದು ವ್ಯರ್ಥವಾಯಿತು. ಮನೆಗೆ ಬಂದವರ ಮುಖ ಸಣ್ಣದು ಮಾಡಬಾರದೆಂದು ಎಲ್ಲರೂ ಹೌದೆಂದರು. ಎರಡನೆಯ ದಿನ ‘ಇದನ್ನು ಒತ್ತಿದರೆ ಈ ಚೌಕಕ್ಕೆ ಏನಾಗುತ್ತದೆ? ನಾಳೆ ಇದನ್ನು ಯಾರು ತೆರೆಯಬಹುದು?’ ಎಂದು ಕೇಳಿದಾಗ ಉತ್ತರಗಳು ಚೆಲ್ಲಾಪಿಲ್ಲಿಯಾದವು, ನಮಗೆ ಬೇಕಾದದ್ದು ಅದೇ.

ತಾಳೆ ನೋಡುವವರ ಬಟನ್ನಿಗೆ ನಾವು ಮೊದಲು ಬರೆದದ್ದು ‘ಮೌಲ್ಯೀಕರಿಸಿ’. ಪದವನ್ನು ಒಡೆದು ನೋಡಿದ ಅಡಿಕೆ ಬೆಳೆಗಾರರೊಬ್ಬರು ‘ಚೌಕಕ್ಕೆ ದರ ಕಟ್ಟುವುದಾ?’ ಎಂದು ಕೇಳಿದರು, ತಮಾಷೆಗಲ್ಲ. ಮಾರುಕಟ್ಟೆಯ ಪದ್ಧತಿ ಗೊತ್ತಿರುವವರಿಗೆ ಮೌಲ್ಯ ಎಂದರೆ ಬೆಲೆಯೇ. ‘ಪರಿಶೀಲಿಸಿ’ ಎಂಬುದನ್ನು ಎಲ್ಲರೂ ಓದಿದರು, ಆದರೆ ಅದರಲ್ಲಿ ಕಚೇರಿಯ ವಾಸನೆ ಇತ್ತು. ಅರ್ಜಿಯನ್ನು ಪರಿಶೀಲಿಸಲಾಗುವುದು ಎಂದರೆ ಸದ್ಯಕ್ಕೆ ಏನೂ ಆಗುವುದಿಲ್ಲ ಎಂದೇ ಜನ ತಿಳಿಯುತ್ತಾರೆ. ಎರಡನ್ನು ಪಕ್ಕಪಕ್ಕದಲ್ಲಿಟ್ಟು ಹೊಂದುತ್ತದೆಯೇ ಎಂದು ಪರೀಕ್ಷಿಸುವುದಕ್ಕೆ ‘ತಾಳೆ ನೋಡುವುದು’ ಎಂಬ ಮಾತು ಬಾಯಲ್ಲೇ ಇತ್ತು. ಚಿತ್ರವನ್ನೂ ಗೆರೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಈ ಕೆಲಸಕ್ಕೆ ಅದಕ್ಕಿಂತ ಸರಿಯಾದ ಮಾತು ನನಗೆ ಬೇರೆ ಕಂಡಿಲ್ಲ.

ಒಪ್ಪದ ಚೌಕವನ್ನು ಹಿಂದಿರುಗಿಸುವ ಬಟನ್ನಿಗೆ ‘ಅಮಾನ್ಯ’ ಎಂದು ಬರೆದಿದ್ದೆವು. ಅಮಾನ್ಯವಾದ ಮತವನ್ನು ಎಣಿಸುವುದಿಲ್ಲ, ಬದಿಗೆ ಸರಿಸುತ್ತಾರೆ. ತಮ್ಮ ಚೌಕದ ಮೇಲೆ ಈ ಪದ ಕಂಡವರು ಬಿಡಿಸಿದ್ದೆಲ್ಲ ಅಳಿಸಿಹೋಯಿತೆಂದೇ ತಿಳಿದಿದ್ದರು. ನಿಜಕ್ಕೂ ಅಲ್ಲಿ ಅಳಿಯುವುದು ಏನೂ ಇಲ್ಲ, ಚೌಕದ ಬಣ್ಣ ಮಾತ್ರ ಬದಲಾಗುತ್ತದೆ. ನಮಗಿಂತ ಮೊದಲೇ ಮೂಲ ತಂತ್ರಾಂಶದವರೂ ಹೊಸ ಆವೃತ್ತಿಯಲ್ಲಿ ಆ ಸ್ಥಿತಿಯನ್ನು ಇನ್ನಷ್ಟು ಬಿಡಿಸುವುದಿದೆ ಎಂಬ ಅರ್ಥದ ಮಾತಿನಿಂದ ಕರೆದಿದ್ದಾರೆ. ನಾವೂ ‘ಇನ್ನೂ ಕೆಲಸವಿದೆ’ ಎಂದೆವು.

ಚೌಕ ತೀರಾ ದಟ್ಟವಾಗಿದ್ದರೆ ಅದನ್ನು ನಾಲ್ಕಾಗಿ ಒಡೆಯುವ ಅವಕಾಶವಿದೆ. ಅದಕ್ಕೆ ‘ಹಂಚಿ’ ಎಂದು ಬರೆದಾಗ ಕೆಲವರು ವಾಟ್ಸ್ಆ್ಯಪ್‌ನಲ್ಲಿ ಹಂಚುವುದೆಂದು ತಿಳಿದರು. ಮಾಡಿನ ಹಂಚನ್ನೇ ದಿನವಿಡೀ ನೋಡುತ್ತಿದ್ದ ಒಬ್ಬಳು ಹಂಚಿನ ಮನೆ ಎಂದು ಗುರುತು ಹಾಕುವ ಬಟನ್ ಎಂದುಕೊಂಡಳು. ಮಾಸ್ತರು ‘ಪೋಡಿ ಮಾಡಿ’ ಎಂದು ಸೂಚಿಸಿದರು. ಸರ್ವೆ ನಂಬರನ್ನು ಒಡೆಯುವುದಕ್ಕೆ ಇರುವ ಪದ, ಜಮೀನಿದ್ದ ಯಾರಿಗೂ ವಿವರಿಸುವ ಅಗತ್ಯವಿಲ್ಲ. ಪರೀಕ್ಷೆಯಲ್ಲಿ ಹಿರಿಯರು ಎಲ್ಲರಿಗಿಂತ ಬೇಗ ಸರಿಯುತ್ತರ ಕೊಟ್ಟದ್ದು ಈ ಚೀಟಿಗೆ. ಆದರೂ ನಾನು ಅದನ್ನು ಬೇಡವೆಂದೆ, ಈಗಲೂ ಬೇಡವೆನ್ನುತ್ತೇನೆ. ಈ ಜಿಲ್ಲೆಯ ಬಹುಪಾಲು ನೆಲ ಅರಣ್ಯ. ಅತಿಕ್ರಮಣ, ಅರಣ್ಯ ಹಕ್ಕಿನ ಅರ್ಜಿ, ಮರುಪರಿಶೀಲನೆ ಎಂಬ ಮಾತುಗಳ ನಡುವೆ ತಲೆಮಾರುಗಳು ಕಳೆದಿವೆ. ಮನೆಯಂಗಳಕ್ಕೆ ಬಂದವರ ಫೋನಿನಲ್ಲಿ ಪೋಡಿ, ಸರ್ವೆ, ಗಡಿ ಎಂಬ ಪದಗಳು ಕಂಡರೆ ಆ ಮನೆಯವರು ಕಾಲುಸಂಕವನ್ನು ತೋರಿಸುವುದಿಲ್ಲ, ನಾಯಿಯನ್ನು ಬಿಡುತ್ತಾರೆ. ಅರ್ಥ ಚೆನ್ನಾಗಿ ತಿಳಿಯುತ್ತದೆ ಎಂಬುದೇ ಆ ಪದದ ದೋಷವಾಗಿತ್ತು. ಕೊನೆಗೆ ‘ಚೌಕವನ್ನು ನಾಲ್ಕು ತುಂಡು ಮಾಡಿ’ ಎಂದಾಯಿತು; ಕೇಳಲು ಚೆಂದವಿಲ್ಲ, ತಪ್ಪು ತಿಳಿದವರೂ ಇಲ್ಲ.

‘ಮಾಡು’, ‘ಮಾಡಿ’, ‘ಮಾಡುತ್ತೇನೆ’

ಹೆಚ್ಚು ಜಗಳವಾದದ್ದು ಇಲ್ಲಿ. ಬಟನ್ ಎಂದರೆ ಯಾರು ಯಾರಿಗೆ ಹೇಳುವ ಮಾತು? ಬಳಸುವವರು ಯಂತ್ರಕ್ಕೆ ಹೇಳುವುದಾದರೆ ‘ಏರಿಸು’ ಎನ್ನಬೇಕು, ಯಂತ್ರಕ್ಕೆ ಯಾರೂ ಬಹುವಚನ ಹಾಕುವುದಿಲ್ಲ. ಯಂತ್ರವು ಬಳಸುವವರಿಗೆ ಹೇಳುವುದಾದರೆ ‘ಏರಿಸಿ’. ಕಾಲೇಜಿನ ಹುಡುಗರು ಮೊದಲನೆಯದರ ಪರ. ಅದು ಚಿಕ್ಕದು, ನಿಘಂಟಿನಲ್ಲಿರುವ ರೂಪ. ಮಾಸ್ತರಿಗೆ ಎಪ್ಪತ್ತು ದಾಟಿದವರನ್ನು ಪರದೆ ಏಕವಚನದಲ್ಲಿ ಕರೆದಂತೆ ಕಂಡಿತು. ಜನರ ಫೋನಿನಲ್ಲಿ ಈಗ ‘ಇ’ಕಾರಾಂತವೇ ರೂಢಿಯಾಗಿರುವುದರಿಂದ ಸಾಮಾನ್ಯ ಬಟನ್‌ಗಳಿಗೆ ಅದನ್ನೇ ಉಳಿಸಿಕೊಂಡೆವು. ಅದಕ್ಕೂ ಒಂದು ತೊಡಕಿದೆ: ‘ಏರಿಸಿ’ ಎಂಬುದು ವಿನಂತಿಯೂ ಹೌದು, ‘ಏರಿಸಿ ಹೋದಳು’ ಎಂಬಲ್ಲಿಯ ಹಾಗೆ ಕೆಲಸ ಆದ ಮೇಲಿನ ರೂಪವೂ ಹೌದು. ಆದ್ದರಿಂದ ಸ್ಥಿತಿಯನ್ನು ತಿಳಿಸುವ ಬರಹಗಳಲ್ಲಿ ಆ ರೂಪವನ್ನು ಎಲ್ಲಿಯೂ ಬಳಸದೆ, ಅಲ್ಲಿ ‘ಏರಿದೆ’, ‘ಪೂರ್ತಿಯಾಗಿದೆ’ ಎಂದು ಬೇರೆಯಾಗಿಟ್ಟೆವು.

ಆದರೆ ಚೌಕವನ್ನು ತೆಗೆದುಕೊಳ್ಳುವ ಮತ್ತು ಬಿಡುವ ಬಟನ್‌ಗಳು ಈ ಜಾತಿಯವಲ್ಲ ಎಂಬುದು ಚೀಟಿಗಳಿಂದ ತಿಳಿಯಿತು. ಅವು ಯಂತ್ರಕ್ಕೆ ಕೊಡುವ ಆಜ್ಞೆಯಲ್ಲ, ಯಂತ್ರದ ವಿನಂತಿಯೂ ಅಲ್ಲ. ಜೊತೆಗಿರುವವರಿಗೆ ಕೊಡುವ ಮಾತು. ಶ್ರಮದಾನಕ್ಕೆ ಹೋದಾಗ ಒಬ್ಬರು ‘ಈ ಬದಿ ನನಗಿರಲಿ’ ಎಂದು ಹೇಳಿ ಕತ್ತಿ ಹಿಡಿಯುತ್ತಾರಲ್ಲ, ಆ ಧಾಟಿ. ಚೌಕ ತೆಗೆದುಕೊಳ್ಳುವ ಬಟನ್ ‘ಈ ಚೌಕ ನನಗಿರಲಿ’ ಎಂದಾಯಿತು. ‘ನಿಲ್ಲಿಸಿ’ ಇದ್ದಲ್ಲಿ ‘ಅರ್ಧ ಆಗಿದೆ, ಬೇರೆಯವರಿಗೆ ಬಿಡುತ್ತೇನೆ’. ‘ಮುಗಿಸಿ’ ಇದ್ದಲ್ಲಿ ‘ಚೌಕ ಪೂರ್ತಿ ಆಗಿದೆ, ತಾಳೆಗೆ ಕೊಡುತ್ತೇನೆ’. ಒಂದೇ ಪುಟದಲ್ಲಿ ಕೆಲವು ಬಟನ್ ‘ಮಾಡಿ’ ಎನ್ನುವುದು, ಕೆಲವು ‘ಮಾಡುತ್ತೇನೆ’ ಎನ್ನುವುದು ಅಶಿಸ್ತು ಎಂದು ಗುಂಪಿನಲ್ಲಿ ಆಕ್ಷೇಪ ಬಂತು. ಅಶಿಸ್ತು ಇರಬಹುದು. ಐದೂವರೆಯ ಬಸ್ಸಿಗೆ ಏಳುತ್ತಿರುವವಳು ‘ಚೌಕ ಪೂರ್ತಿ ಆಗಿದೆ’ ಎಂಬ ತನ್ನದೇ ಹೇಳಿಕೆಯನ್ನು ಓದಿದಾಗ, ಅದು ಸುಳ್ಳಾದರೆ ಕೈ ತಡೆಯುತ್ತದೆ. ನನಗೆ ಅಷ್ಟು ಸಾಕು.

‘ನನಗಿರಲಿ’ ಎಂಬುದೂ ಮೊದಲ ಏಟಿಗೆ ಸರಿಹೋಗಲಿಲ್ಲ. ಸಿದ್ದಾಪುರ ಕಡೆಯ ಒಬ್ಬರು ಅದನ್ನು ಪಾಲುಪಟ್ಟಿಯ ಹಾಗೆ ತಿಳಿದು, ಆ ಚೌಕ ಇನ್ನು ತಮ್ಮದೇ, ದೀಪಾವಳಿಯ ಮೇಲೆ ಮಾಡಿದರೂ ಆಯಿತು ಎಂದು ಬಿಟ್ಟಿದ್ದರು. ಎರಡು ಗಂಟೆಯ ಬೀಗದ ವಿಚಾರ ಕೈಪಿಡಿಯ ಯಾವುದೋ ಪುಟದಲ್ಲಿತ್ತು. ಮಳೆಗಾಲದಲ್ಲಿ ಕರೆಂಟು ಹೋಗಿ, ನೆಟ್‌ವರ್ಕ್ ಹೋಗಿ, ಜೋಸಮ್‌ನಲ್ಲಿ ಬಿಡಿಸುತ್ತ ಕೂತವರ ಬೀಗ ಹಿಂದಿನಿಂದ ಬಿಚ್ಚಿಕೊಂಡು, ಅದೇ ಚೌಕವನ್ನು ಇನ್ನೊಬ್ಬರು ಬಿಡಿಸಿ ಏರಿಸಿ, ಕರೆಂಟು ಬಂದಾಗ ಇವರೂ ಏರಿಸಿ, ಒಂದೊಂದು ಮನೆಯ ಮೇಲೆ ಎರಡೆರಡು ಮನೆ ಕೂತ ಉದಾಹರಣೆಯೂ ಇದೆ. ಈಗ ಬಟನ್ ಒತ್ತಿದ ಕೂಡಲೇ ಅದೇ ಜಾಗದಲ್ಲಿ ‘ಮಧ್ಯಾಹ್ನ 3:40ರ ತನಕ ನಿಮ್ಮದು’ ಎಂದು ಬರುತ್ತದೆ. ‘ಎರಡು ಗಂಟೆ’ ಎಂದು ಬರೆದು ನೋಡಿದ್ದೆವು. ಯಾವಾಗಿನಿಂದ ಎರಡು ಗಂಟೆ ಎಂಬ ಪ್ರಶ್ನೆಗೆ ಜನರಲ್ಲಿ ಉತ್ತರವಿರಲಿಲ್ಲ.

ಒತ್ತಕ್ಷರದ ಅಡ್ಡಿ

ಕಾಗದದ ಮೇಲೆ ಗೆದ್ದ ಪದ ಪರದೆಯ ಮೇಲೆ ಸೋತ ಒಂದು ಘಟನೆಯನ್ನೂ ಇಲ್ಲಿ ದಾಖಲಿಸಬೇಕು. ಮೂಲ ಪುಟದ ಬಟನ್ನಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ತಕ್ಕಂತೆ ನಿಗದಿ ಮಾಡಲಾಗಿತ್ತು. ಮೊದಲು ನಾವು ‘ಬಿಡುತ್ತೇನೆ’ ಎಂಬುದರ ಬದಲು ‘ಬಿಟ್ಟುಕೊಡಿ’ ಎಂದು ಹಾಕಿದ್ದೆವು. ಅಗ್ಗದ ಫೋನುಗಳಲ್ಲಿ ಕೆಳಗಿನ ಟಕಾರ ಬಟನ್ನಿನ ಅಂಚಿಗೆ ಕತ್ತರಿಸಿಹೋಗಿ ‘ಬಿಟುಕೊಡಿ’ ಎಂದು ಕಾಣುತ್ತಿತ್ತು. ‘ಪೂರ್ತಿ’ಯಲ್ಲಿ ಮೇಲೆ ಗುಡಿಸು, ಪಕ್ಕದಲ್ಲಿ ಅರ್ಕಾವತ್ತು, ಪದ ಸಾಲಿನ ಕೊನೆಗೆ ಬಂದಾಗ ಆ ಅರ್ಕಾವತ್ತೇ ಅಂಚಿಗೆ ಸಿಕ್ಕಿ ಅರ್ಧ ಮಾತ್ರ ಉಳಿಯುತ್ತಿತ್ತು. ಎತ್ತರವನ್ನು ನಿಗದಿ ಮಾಡುವುದನ್ನೇ ತೆಗೆದು, ಬರಹ ಎಷ್ಟು ಜಾಗ ಕೇಳುತ್ತದೋ ಅಷ್ಟು ಬಟನ್ ಬೆಳೆಯುವಂತೆಯೂ, ಉದ್ದದ ಬರಹ ಎರಡು ಸಾಲಾಗುವಂತೆಯೂ ಮಾಡಿದ ಮೇಲೆ ಸರಿಹೋಯಿತು. ಮೂರಕ್ಷರದ ಪದದ ಮೋಹಕ್ಕೆ ಬಿದ್ದದ್ದು ಸಾಲು ಒಂದೇ ಇರಬೇಕೆಂಬ ಹಟದಿಂದ. ಆ ಹಟ ಬಿಟ್ಟಾಗ ಮೋಹಕ್ಕೆ ಕಾರಣವೂ ಉಳಿಯಲಿಲ್ಲ.

ಈಗಿನ ಸ್ಥಿತಿ

ಪದಗಳು ಬದಲಾದ ಮೇಲೆ ಒಂದರ ಮತ್ತು ಐದೂವರೆಯ ಗುಂಪು ಚರಿತ್ರೆಯ ಹಾಳೆಯಿಂದ ಕರಗಿತು. ಆ ಹೊತ್ತಿನಲ್ಲಿ ಈಗ ಹೆಚ್ಚಾಗಿ ಕಾಣುವುದು ‘ಅರ್ಧ ಆಗಿದೆ’ ಎಂಬ ಒತ್ತು. ಮರುದಿನ ಇನ್ನೊಬ್ಬರು ಹತ್ತನೆಯ ಮನೆಯಿಂದ ಮುಂದುವರಿಸುತ್ತಾರೆ. ಬರುವುದು ಬಿಟ್ಟಿದ್ದ ಇಬ್ಬರಲ್ಲಿ ಒಬ್ಬರ ಮನೆಗೆ ನಾನೇ ಹೋಗಿ ತಪ್ಪು ನಮ್ಮದೆಂದು ಹೇಳಿ ಬಂದೆ. ಅವರು ಚಹಾ ಕೊಟ್ಟರು, ಕೆಲಸಕ್ಕೆ ಬರಲಿಲ್ಲ.

ಅರೆಚೌಕಗಳು ಇನ್ನೂ ಬರುವುದು ಘಟ್ಟದ ಮೇಲಿನ ಭಾಗದಿಂದ, ಕಾರಣ ಬೇರೆ. ಅಡಿಕೆ ತೋಟದ ನೆತ್ತಿ ಮತ್ತು ಸೊಪ್ಪಿನ ಬೆಟ್ಟದ ಮರಗಳು ಮನೆಯ ಮಾಡನ್ನು ಪೂರ್ತಿ ಮುಚ್ಚಿರುತ್ತವೆ; ಉಪಗ್ರಹ ಚಿತ್ರ ಸ್ವಚ್ಛವಾಗಿಯೇ ಇರುತ್ತದೆ, ಮನೆ ಮಾತ್ರ ಕಾಣುವುದಿಲ್ಲ. ತಂತ್ರಾಂಶದಲ್ಲಿ ಇರುವುದು ಚಿತ್ರ ಚೆನ್ನಾಗಿಲ್ಲ ಎಂದು ತಿಳಿಸುವ ಒಂದೇ ಬಟನ್. ಅದಕ್ಕೆ ನಾವು ಮೊದಲು ‘ಕೆಟ್ಟ ಚಿತ್ರ’ ಎಂದು ಬರೆದು ಸಿನಿಮಾ ಕುರಿತ ನಗೆಮಾತಿಗೆ ಗುರಿಯಾದೆವು, ಆಮೇಲೆ ‘ಮೋಡ ಅಥವಾ ಮಸುಕು’ ಎಂದು ತಿದ್ದಿದೆವು. ಮೋಡವೂ ಇಲ್ಲ, ಮಸುಕೂ ಇಲ್ಲ, ಮರ ಇದೆ ಎಂದು ಹೇಳಲು ಬಟನ್ ಇಲ್ಲದ್ದರಿಂದ ಶಿರಸಿಯವರು ಕಂಡ ಎರಡು ಮನೆ ಬಿಡಿಸಿ ‘ಪೂರ್ತಿ ಆಗಿದೆ’ ಎನ್ನುತ್ತಾರೆ, ಅವರ ಮಟ್ಟಿಗೆ ಅದು ನಿಜವೂ ಹೌದು. ಹೊಸದೊಂದು ಬಟನ್ ಸೇರಿಸಿ ಅಂಥ ಚೌಕಗಳನ್ನು ನಡೆದುಹೋಗಿ ನೋಡುವವರ ಪಟ್ಟಿಗೆ ಕಳಿಸುವುದೆಂದು ತೀರ್ಮಾನವಾಗಿದೆ. ಅದರ ಮೇಲೆ ಏನು ಬರೆಯಬೇಕೆಂಬುದಕ್ಕೆ ಮೂರು ಚೀಟಿಗಳು ನನ್ನ ಮೇಜಿನ ಮೇಲಿವೆ: ‘ಮರದಡಿ ಇದೆ, ಹೋಗಿ ನೋಡಬೇಕು’, ‘ಮೇಲಿನಿಂದ ಕಾಣುವುದಿಲ್ಲ’, ‘ಊರವರನ್ನು ಕೇಳಬೇಕು’. ಬರುವ ಭಾನುವಾರ ಶಿರಸಿಯಲ್ಲಿ ಅವನ್ನು ಜನರ ಮುಂದಿಟ್ಟು, ಒತ್ತಿದರೆ ಚೌಕ ಯಾರ ಕೈಗೆ ಹೋಗುತ್ತದೆ ಎಂದು ಕೇಳಲಿದ್ದೇವೆ.